ಚಲ್ಪಹಾದನ ಹೆಣ್ಣುಮಕ್ಕಳು ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು



ಸೆಪ್ಟೆಂಬರ್ 8ರಂದು ನಾವು ಮಾತೆ ಮರಿಯಮ್ಮನವರ ಜನನೋತ್ಸವವನ್ನು ಆಚರಿಸುತ್ತೇವೆ. ನೊವೆನಾದ ಒಂಬತ್ತು ದಿನವೂ ನಮ್ಮ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲೆ ಮರಿಯಮ್ಮನವರ ಪಾದಕ್ಕೆ ಅರ್ಪಿಸುತ್ತಾರೆ. ಕರಾವಳಿಯ ನಮ್ಮ ಕುಟುಂಬಗಳಿಗೆ ಇದು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಗುರುಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಹೊಸ ಭತ್ತದ ಕಾಳನ್ನು ಸುಲಿದು, ಮನೆಮಂದಿಯೆಲ್ಲ ಪ್ರಾರ್ಥಿಸಿ ಹಂಚಿಕೊಳ್ಳುತ್ತೇವೆ. ದೂರದ ಊರಿನಲ್ಲಿರುವ ಮಗನಿಗೂ, ಗಂಡನ ಮನೆಯಲ್ಲಿರುವ ಮಗಳಿಗೂ ಆ ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ವಾಡಿಕೆ ನಮ್ಮಲ್ಲಿದೆ. ಈ ಹಂಚಿಕೆಯಲ್ಲಿ ಮಗನಿಗೆ ಇಷ್ಟು, ಮಗಳಿಗೆ ಇಷ್ಟು ಎಂಬ ಲೆಕ್ಕವಿಲ್ಲ.

ಆದರೆ ಆ ತೆನೆ ಬೆಳೆದ ಗದ್ದೆಯ ಮಾತು ಬಂದಾಗ? ಅಲ್ಲಿ ನಮ್ಮ ಲೆಕ್ಕ ಬೇರೆಯಾಗುತ್ತದೆ. ಕಾಳಿನಲ್ಲಿ ಸಮಪಾಲು ಪಡೆದ ಮಗಳಿಗೆ ಗದ್ದೆಯಲ್ಲಿ ಪಾಲಿಲ್ಲ ಎನ್ನುವ ಮನೆಗಳು ಇನ್ನೂ ಇವೆ. ಬಹಳ ಕಾಲ ಕಾನೂನು ಕೂಡ ಹಾಗೆಯೇ ಹೇಳುತ್ತಿತ್ತು. ಈ ಹಬ್ಬದ ಸಂದರ್ಭದಲ್ಲಿ ನಮ್ಮ ದೇಶದ ಕ್ರೈಸ್ತ ಮಹಿಳೆಯರನ್ನು ಕಾನೂನು ಹೇಗೆ ನಡೆಸಿಕೊಂಡಿತು, ಅದು ಹೇಗೆ ಬದಲಾಯಿತು, ಇನ್ನೂ ಏನು ಬದಲಾಗಬೇಕಿದೆ ಎಂಬುದನ್ನು ನಾವು ಸ್ವಲ್ಪ ನೆನೆಯೋಣ.

ಗುಡಾರದ ಬಾಗಿಲಲ್ಲಿ ಐವರು

ಸಂಖ್ಯಾಕಾಂಡದ 27ನೇ ಅಧ್ಯಾಯದಲ್ಲಿ ಒಂದು ಘಟನೆಯಿದೆ. ಮನಸ್ಸೆಯ ಕುಲದ ಚಲ್ಪಹಾದ ಎಂಬವನಿಗೆ ಗಂಡುಮಕ್ಕಳಿರಲಿಲ್ಲ. ಅವನು ಮರುಭೂಮಿಯಲ್ಲೇ ಸತ್ತಿದ್ದ. ವಾಗ್ದತ್ತ ನಾಡನ್ನು ಕುಲಗಳಿಗೆ ಹಂಚುವ ಸಿದ್ಧತೆ ನಡೆದಾಗ ಅವನ ಐವರು ಹೆಣ್ಣುಮಕ್ಕಳಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬವರು ದೇವದರ್ಶನದ ಗುಡಾರದ ಬಾಗಿಲಿಗೆ ಬಂದು ನಿಂತರು. ಅಲ್ಲಿ ಮೋಶೆ ಇದ್ದ, ಯಾಜಕನಿದ್ದ, ಮುಖಂಡರಿದ್ದರು, ಇಡೀ ಸಭೆಯಿತ್ತು. ಅಷ್ಟೂ ಜನರ ಮುಂದೆ ಅವರು ತಮಗೂ ತಂದೆಯ ಪಾಲು ಬರಬೇಕೆಂದು ಕೇಳಿದರು.

ಮೋಶೆ ಅವರನ್ನು ಗದರಿಸಿ ಕಳುಹಿಸಲಿಲ್ಲ, ನಮ್ಮಲ್ಲಿ ಹೀಗೆ ಪದ್ಧತಿಯಿಲ್ಲ ಎಂದೂ ಹೇಳಲಿಲ್ಲ. ಅವರ ಅಹವಾಲನ್ನು ಸರ್ವೇಶ್ವರನ ಮುಂದೆ ಇಟ್ಟ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ ಎಂದು ದೇವರು ತೀರ್ಪಿತ್ತರು. ಆ ಐವರಿಗೆ ಪಾಲು ಸಿಕ್ಕಿದ್ದಲ್ಲದೆ, ಮುಂದಿನವರಿಗಾಗಿ ನಿಯಮವೇ ತಿದ್ದುಪಡಿಯಾಯಿತು. ಕಾನೂನಿನ ಸುಧಾರಣೆ ಪಾಶ್ಚಾತ್ಯರಿಂದ ಬಂದ ಹೊಸ ಗಾಳಿ ಎನ್ನುವವರು ಈ ಅಧ್ಯಾಯವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಗ್ರಂಥದ 36ನೇ ಅಧ್ಯಾಯದಲ್ಲಿ ಕುಟುಂಬದ ಹಿರಿಯರು ತಕರಾರು ತಂದರು. ಈ ಹೆಣ್ಣುಮಕ್ಕಳು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಜಮೀನು ಹೊರಗಿನವರ ಪಾಲಾಗುತ್ತದಲ್ಲ ಎಂಬುದು ಅವರ ಅಳಲು. ಅದಕ್ಕಾಗಿ ಸ್ವಂತ ಕುಲದೊಳಗೇ ಮದುವೆಯಾಗಬೇಕೆಂಬ ಷರತ್ತು ಬಂತು. ಕೊನೆಗೆ ಯೆಹೋಶುವನ ಕಾಲದಲ್ಲಿ ಅವರು ಮತ್ತೆ ಹೋಗಿ ಕೇಳಿದ ಮೇಲೆಯೇ ಭೂಮಿ ಕೈಗೆ ಬಂತು. ಹಕ್ಕು ಕೇಳುವುದು ಒಂದು ಹೆಜ್ಜೆ, ಕಾನೂನು ಬದಲಾಗುವುದು ಇನ್ನೊಂದು, ಹಕ್ಕು ಕೈಗೆ ಸಿಗುವುದು ಮತ್ತೊಂದು. ನಮ್ಮ ದೇಶದ ಇತಿಹಾಸದಲ್ಲೂ ಹೀಗೆಯೇ ಆಯಿತು.

ಐದು ಸಾವಿರ ರೂಪಾಯಿಯ ಮಗಳು

ಬ್ರಿಟಿಷರ ಆಳ್ವಿಕೆಯಲ್ಲಿ 1865ರಲ್ಲೇ ಭಾರತೀಯ ಉತ್ತರಾಧಿಕಾರ ಕಾಯಿದೆ ಬಂದಿತ್ತು. ಅದನ್ನು ಇತರ ಕಾಯಿದೆಗಳೊಡನೆ ಕ್ರೋಡೀಕರಿಸಿ 1925ರಲ್ಲಿ ಈಗಿರುವ ಭಾರತೀಯ ಉತ್ತರಾಧಿಕಾರ ಕಾಯಿದೆಯನ್ನು ಮಾಡಲಾಯಿತು. ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ವಿಧವೆಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆಲ್ಲ ಸಮಪಾಲು ಎಂದು ಅದು ಹೇಳುತ್ತದೆ.

ಆದರೆ ಸಂಸ್ಥಾನಗಳ ಕಾನೂನು ಬೇರೆ ಇತ್ತು. ತಿರುವಾಂಕೂರಿನಲ್ಲಿ 1916ರಲ್ಲಿ ಕ್ರೈಸ್ತ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂತು. ಅದರ ಪ್ರಕಾರ ಮಗಳಿಗೆ ಸಿಗುತ್ತಿದ್ದುದು ಮಗನ ಪಾಲಿನ ನಾಲ್ಕನೇ ಒಂದು ಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮಗನ ಪಾಲು 20,000 ರೂಪಾಯಿಯಾದರೆ ಮಗಳಿಗೆ 5,000. ಮಗನ ಪಾಲು 20 ಲಕ್ಷವಾದರೂ ಮಗಳಿಗೆ ಅದೇ 5,000. ಇದಕ್ಕೆ ಸ್ತ್ರೀಧನ ಎಂದು ಹೆಸರು. ಮದುವೆಯಲ್ಲಿ ಸ್ತ್ರೀಧನ ಕೊಟ್ಟಿದ್ದರೆ, ಅಥವಾ ಕೊಡುತ್ತೇವೆಂದು ಮಾತು ಕೊಟ್ಟಿದ್ದರೂ ಸಾಕು, ಮತ್ತೇನೂ ಇಲ್ಲ. ವಿಧವೆಗೆ ಸ್ಥಿರಾಸ್ತಿಯಲ್ಲಿ ಜೀವಿತಾವಧಿಯ ಅನುಭೋಗ ಮಾತ್ರ. ಆಕೆ ಮರುಮದುವೆಯಾದರೆ ಅದೂ ಕೊನೆ. ನೆರೆಯ ಕೊಚ್ಚಿ ಸಂಸ್ಥಾನದ ಕಾಯಿದೆ ಮಗಳಿಗೆ ಮಗನ ಪಾಲಿನ ಮೂರನೇ ಒಂದು ಭಾಗ ಕೊಡುತ್ತಿತ್ತು.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. 14 ಮತ್ತು 15ನೇ ವಿಧಿಗಳು ಸಮಾನತೆಯ ಮಾತಾಡಿದವು. 1951ರಲ್ಲಿ ಸಂಸತ್ತು ಒಂದು ಕಾಯಿದೆಯ ಮೂಲಕ ಕೇಂದ್ರದ ಹಲವು ಕಾನೂನುಗಳನ್ನು ಹಿಂದಿನ ಸಂಸ್ಥಾನಗಳ ಪ್ರದೇಶಕ್ಕೂ ವಿಸ್ತರಿಸಿತು. ಅವುಗಳಲ್ಲಿ ಉತ್ತರಾಧಿಕಾರ ಕಾಯಿದೆಯೂ ಇತ್ತು. ಹಾಗಿದ್ದರೂ ತಿರುವಾಂಕೂರಿನ ಹಳೆಯ ಕಾಯಿದೆಯೇ ನಡೆಯುತ್ತದೆಂದು ಜನ ನಂಬಿದರು, ಅಲ್ಲಿನ ಉಚ್ಚ ನ್ಯಾಯಾಲಯವೂ ಹಾಗೆಯೇ ಹೇಳಿತು. ಇನ್ನೂ ಮೂರು ದಶಕಗಳ ಕಾಲ ಹೆಣ್ಣುಮಕ್ಕಳು ಐದು ಸಾವಿರಕ್ಕೆ ಸಹಿ ಹಾಕಿ ಮನೆಯಿಂದ ಹೊರನಡೆದರು.

ಮೇರಿ ರಾಯ್ ಅವರ ಮೊಕದ್ದಮೆ

ಕೇರಳದ ಸಿರಿಯನ್ ಕ್ರೈಸ್ತ ಕುಟುಂಬದಲ್ಲಿ 1933ರಲ್ಲಿ ಹುಟ್ಟಿದ ಮೇರಿ ರಾಯ್ ಅವರು ದಾಂಪತ್ಯ ಮುರಿದಾಗ ಇಬ್ಬರು ಚಿಕ್ಕ ಮಕ್ಕಳೊಡನೆ ಊಟಿಯಲ್ಲಿದ್ದ ತಂದೆಯ ಮನೆಯಲ್ಲಿ ಆಶ್ರಯ ಪಡೆದರು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದರು. ಮಗಳಿಗೆ ತಂದೆಯ ಆಸ್ತಿಯಲ್ಲಿ ಹಕ್ಕಿಲ್ಲ, ಮನೆ ಬಿಡು ಎಂಬ ಒತ್ತಾಯ ಒಡಹುಟ್ಟಿದವರಿಂದಲೇ ಬಂತು. ಆಕೆ ಕೊಟ್ಟಾಯಂನಲ್ಲಿ ಶಾಲೆ ತೆರೆದು ಸ್ವಂತ ಕಾಲಿನ ಮೇಲೆ ನಿಂತರು. ಅವರ ಮಗಳು ಅರುಂಧತಿ ರಾಯ್ ಮುಂದೆ ಕಾದಂಬರಿಕಾರ್ತಿಯಾಗಿ ಹೆಸರಾದರು.

1983ರಲ್ಲಿ ಮೇರಿ ರಾಯ್ ಅವರು ನೇರವಾಗಿ ಸುಪ್ರೀಂ ಕೋರ್ಟಿಗೆ ಅರ್ಜಿ ಸಲ್ಲಿಸಿದರು. 1986ರ ಫೆಬ್ರವರಿ 24ರಂದು ಮುಖ್ಯ ನ್ಯಾಯಮೂರ್ತಿ ಪಿ. ಎನ್. ಭಗವತಿ ಮತ್ತು ನ್ಯಾಯಮೂರ್ತಿ ಆರ್. ಎಸ್. ಪಾಠಕ್ ಅವರ ಪೀಠ ತೀರ್ಪು ಕೊಟ್ಟಿತು. 1951ರ ಏಪ್ರಿಲ್ 1ರಿಂದಲೇ ತಿರುವಾಂಕೂರು ಕಾಯಿದೆ ರದ್ದಾಗಿದೆ, ಅಂದಿನಿಂದ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅನ್ವಯಿಸುತ್ತದೆ, ಮಗಳಿಗೆ ಮಗನಷ್ಟೇ ಪಾಲು ಎಂಬುದು ತೀರ್ಪಿನ ಸಾರ. ಹಳೆಯ ಕಾಯಿದೆ ಸಮಾನತೆಯ ಹಕ್ಕಿಗೆ ವಿರುದ್ಧವೇ ಎಂಬ ಪ್ರಶ್ನೆಗೆ ನ್ಯಾಯಾಲಯ ಹೋಗಲೇ ಇಲ್ಲ. ಅದು ಎಂದೋ ರದ್ದಾಗಿದೆ ಎಂದಷ್ಟೇ ಹೇಳಿತು. ಅಂದರೆ ಮೂವತ್ತೈದು ವರ್ಷ ಆ ಹೆಣ್ಣುಮಕ್ಕಳಿಗೆ ಹಕ್ಕಿತ್ತು, ಆದರೆ ಅವರಿಗೆ ಅದನ್ನು ಹೇಳಿದವರಿರಲಿಲ್ಲ.

ಇಲ್ಲಿ ನಾವು ಒಂದು ಮಾತನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಈ ತೀರ್ಪನ್ನು ಕ್ರೈಸ್ತ ಸಮುದಾಯ ಸಂತೋಷದಿಂದ ಬರಮಾಡಿಕೊಳ್ಳಲಿಲ್ಲ. ಹಳೆಯ ಪಾಲುಪಟ್ಟಿಗಳೆಲ್ಲ ಬುಡಮೇಲಾಗುತ್ತವೆ, ಬ್ಯಾಂಕಿಗೆ ಅಡವಿಟ್ಟ ಜಮೀನುಗಳ ಗತಿಯೇನು, ಅಣ್ಣ ತಂಗಿಯರು ಕೋರ್ಟು ಹತ್ತುತ್ತಾರೆ ಎಂಬ ಕೂಗು ಎದ್ದಿತು. ಕೆಲವು ಮುಖಂಡರೂ ಗುರುಗಳೂ ಸಹ ತೀರ್ಪನ್ನು ವಿರೋಧಿಸಿದರು. ಮಗಳಿಗೆ ಪಾಲು ಹೋಗದಂತೆ ಉಯಿಲು ಬರೆದಿಡಿ ಎಂಬ ಸಲಹೆ ಹರಡಿತು. 1994ರಲ್ಲಿ ಹಳೆಯ ಕಾಯಿದೆಗೆ ಹಿಂದಿನ ವರ್ಷಗಳ ಮಟ್ಟಿಗೆ ಜೀವ ಕೊಡುವ ಮಸೂದೆಯ ಕರಡೂ ಕೇರಳದಲ್ಲಿ ಸಿದ್ಧವಾಯಿತು. ಅದು ಕಾಯಿದೆಯಾಗಲಿಲ್ಲ ಎಂಬುದೇ ಸಮಾಧಾನ. 36ನೇ ಅಧ್ಯಾಯದ ಹಿರಿಯರ ಅಳಲು ನಮಗೆ ಇಲ್ಲಿ ನೆನಪಾಗುವುದಿಲ್ಲವೇ? ತೀರ್ಪು ಬಂದ ಮೇಲೂ ಮೇರಿ ರಾಯ್ ಅವರು ತಮ್ಮ ಪಾಲಿಗಾಗಿ ಎರಡು ದಶಕಕ್ಕೂ ಮಿಕ್ಕಿ ಹೋರಾಡಬೇಕಾಯಿತು. ಅವರು 2022ರ ಸೆಪ್ಟೆಂಬರ್ 1ರಂದು ನಿಧನರಾದರು.

ಈ ಕಥೆ ಕೇರಳದ್ದು, ನಮಗೇನು ಎನ್ನುವಂತಿಲ್ಲ. ಘಟ್ಟದ ತಪ್ಪಲಿನಲ್ಲಿ, ಬೆಂಗಳೂರಿನಲ್ಲಿ, ಕಾಫಿ ನಾಡಿನಲ್ಲಿ ಅಲ್ಲಿಂದ ಬಂದು ನೆಲೆಸಿದ ಎಷ್ಟೋ ಕುಟುಂಬಗಳು ನಮ್ಮ ನೆರೆಹೊರೆಯಲ್ಲಿವೆ. ಕರ್ನಾಟಕದ ಹಿಂದೂ ಸಹೋದರಿಯರಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆ ಹುಟ್ಟಿನಿಂದಲೇ ಹಕ್ಕು ದೊರೆತದ್ದು 1994ರ ರಾಜ್ಯ ತಿದ್ದುಪಡಿಯಿಂದ. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಎಲ್ಲ ಧರ್ಮದ ಮನೆಗಳಲ್ಲೂ ಮಗಳು ಕಾದಿದ್ದಾಳೆ.

ಒಂದೇ ತಪ್ಪಿಗೆ ಎರಡು ತಕ್ಕಡಿ

ಇನ್ನೊಂದು ಕಾಯಿದೆ 1869ರ ಭಾರತೀಯ ವಿಚ್ಛೇದನ ಕಾಯಿದೆ. ಇದು ಕ್ರೈಸ್ತರಿಗಾಗಿ ಬ್ರಿಟಿಷರು ಮಾಡಿದ್ದು, ಇಂಗ್ಲೆಂಡಿನ 1857ರ ಕಾಯಿದೆಯ ಮಾದರಿಯಲ್ಲಿ. ವಿವಾಹ ಸಂಸ್ಕಾರ ಜೀವನಪರ್ಯಂತದ ಬಂಧ ಎಂಬುದು ನಮ್ಮ ಧರ್ಮಸಭೆಯ ಬೋಧನೆ, ಅದರಲ್ಲಿ ಬದಲಾವಣೆಯಿಲ್ಲ. ಆದರೆ ಇಲ್ಲಿರುವ ಪ್ರಶ್ನೆ ಬೇರೆ: ಕಾನೂನು ಗಂಡನನ್ನೂ ಹೆಂಡತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿತೇ?

ಖಂಡಿತ ಇಲ್ಲ. ಹೆಂಡತಿ ವ್ಯಭಿಚಾರ ಮಾಡಿದಳೆಂದು ತೋರಿಸಿದರೆ ಗಂಡನಿಗೆ ವಿಚ್ಛೇದನ ಸಿಗುತ್ತಿತ್ತು. ಗಂಡನ ವ್ಯಭಿಚಾರವಷ್ಟೇ ಹೆಂಡತಿಗೆ ಸಾಲದು. ಅದರ ಜೊತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ, ಇಂಥ ಮತ್ತೊಂದು ದೋಷವನ್ನೋ ಆಕೆ ರುಜುವಾತು ಮಾಡಬೇಕಿತ್ತು. ಬರೀ ಹೊಡೆತ ಬಡಿತಕ್ಕೆ ಬಿಡುಗಡೆ ಇರಲಿಲ್ಲ. ಹೆಂಡತಿಯ ಜೊತೆ ತಪ್ಪು ಮಾಡಿದ ಪುರುಷನಿಂದ ಗಂಡ ನಷ್ಟಪರಿಹಾರ ಕೇಳಬಹುದಿತ್ತು, ಆಕೆ ಅವನ ಸ್ವತ್ತು ಎಂಬಂತೆ. ಮೊಕದ್ದಮೆ ನಡೆಯುವಾಗ ಹೆಂಡತಿಗೆ ಸಿಗುವ ಜೀವನಾಂಶ ಗಂಡನ ಆದಾಯದ ಐದನೇ ಒಂದು ಭಾಗ ಮೀರುವಂತಿರಲಿಲ್ಲ. ಜಿಲ್ಲಾ ನ್ಯಾಯಾಲಯ ಕೊಟ್ಟ ತೀರ್ಪನ್ನು ಉಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳು ದೃಢೀಕರಿಸಬೇಕಿತ್ತು. ಬಡ ಹೆಣ್ಣುಮಗಳು ಅಲ್ಲಿಯವರೆಗೆ ಹೇಗೆ ಹೋಗಬೇಕು?

ಈ ಕಾಯಿದೆ ಮಾಡಿದ ಇಂಗ್ಲೆಂಡ್ ತನ್ನ ಕಾನೂನಿನ ಈ ಭೇದವನ್ನು 1923ರಲ್ಲೇ ತೆಗೆದುಹಾಕಿತು. ನಮ್ಮಲ್ಲಿ ಅದು ಉಳಿದುಕೊಂಡಿತು. 1960 ಮತ್ತು 1961ರಲ್ಲಿ ಕಾನೂನು ಆಯೋಗ ಬದಲಾವಣೆಗೆ ಶಿಫಾರಸು ಮಾಡಿತು. 1983ರಲ್ಲಿ ಮತ್ತೊಮ್ಮೆ ಹೇಳಿತು. ಆದರೆ ಸರಕಾರಗಳು ಕ್ರೈಸ್ತ ಸಮುದಾಯದಲ್ಲಿ ಒಮ್ಮತವಿಲ್ಲ ಎಂದು ಕಡತ ಮುಚ್ಚುತ್ತಿದ್ದವು. 1995ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ಪೂರ್ಣಪೀಠ, ಕ್ರೌರ್ಯ ಅಥವಾ ತೊರೆಯುವಿಕೆ ಒಂದೇ ಸಾಕು, ಅದಕ್ಕೆ ವ್ಯಭಿಚಾರದ ರುಜುವಾತು ಬೇಡ ಎಂದು ಹೇಳಿ ಆ ಷರತ್ತನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿತು. 1997ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವೂ ಅದೇ ದಾರಿ ಹಿಡಿಯಿತು. ಈ ನಡುವೆ ಮಹಿಳಾ ಸಂಘಟನೆಗಳೂ ಬೇರೆಬೇರೆ ಸಭೆಗಳ ಪ್ರತಿನಿಧಿಗಳೂ ಒಟ್ಟಿಗೆ ಕುಳಿತು ಚರ್ಚಿಸಿದರು. ಕೊನೆಗೆ 2001ರಲ್ಲಿ ಸಂಸತ್ತು ತಿದ್ದುಪಡಿ ಅಂಗೀಕರಿಸಿತು. ಅಕ್ಟೋಬರ್ 3ರಿಂದ ಅದು ಜಾರಿಗೆ ಬಂತು. ಗಂಡ ಹೆಂಡಿರಿಗೆ ಒಂದೇ ಆಧಾರಗಳು, ನಷ್ಟಪರಿಹಾರದ ಕಲಮು ರದ್ದು, ಐದನೇ ಒಂದರ ಮಿತಿ ರದ್ದು. ಈ ಒಂದು ತಕ್ಕಡಿ ಸರಿಯಾಗಲು 132 ವರ್ಷ ಬೇಕಾಯಿತು.

ಸಿವಿಲ್ ವಿಚ್ಛೇದನದ ಬಗ್ಗೆ ನಮ್ಮ ವಿಶ್ವಾಸಿಗಳಲ್ಲಿ ಗೊಂದಲವಿದೆ. ನ್ಯಾಯಬದ್ಧ ಹಕ್ಕುಗಳ ರಕ್ಷಣೆಗೆ, ಮಕ್ಕಳ ಪಾಲನೆಗೆ, ಆಸ್ತಿಯ ರಕ್ಷಣೆಗೆ ಅದೊಂದೇ ದಾರಿಯಾಗಿದ್ದರೆ ಅದನ್ನು ಸಹಿಸಬಹುದು, ಅದು ಪಾಪವಾಗದು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದ ತಿಳಿಸುತ್ತದೆ. ಹಾಗೆಯೇ ಧರ್ಮಸಭೆಯ ನ್ಯಾಯಮಂಡಳಿ ಒಂದು ವಿವಾಹವನ್ನು ಅಸಿಂಧು ಎಂದು ಸಾರಿದರೂ ದೇಶದ ಕಾನೂನಿನ ಮುಂದೆ ಆ ವಿವಾಹ ಉಳಿದೇ ಇರುತ್ತದೆ. ಸುಪ್ರೀಂ ಕೋರ್ಟ್ ಇದನ್ನು 1996ರಲ್ಲೂ 2017ರಲ್ಲೂ ಸ್ಪಷ್ಟಪಡಿಸಿದೆ. ಎರಡೂ ಕಡೆ ತೀರ್ಮಾನವಾಗದೆ ಮರುಮದುವೆಗೆ ಹೊರಟ ಹೆಣ್ಣುಮಗಳು ಮತ್ತೆ ಕಷ್ಟಕ್ಕೆ ಸಿಲುಕುತ್ತಾಳೆ. ಇದನ್ನು ತಂದೆತಾಯಂದಿರು ತಿಳಿದಿರಬೇಕು.

ಇನ್ನೂ ಉಳಿದಿರುವ ಅನ್ಯಾಯ

2002ರಲ್ಲಿ ಉತ್ತರಾಧಿಕಾರ ಕಾಯಿದೆಗೆ ಇನ್ನೊಂದು ತಿದ್ದುಪಡಿ ಬಂತು. ಮದುವೆಗೆ ಮುಂಚಿನ ಒಪ್ಪಂದದ ಮೂಲಕ ವಿಧವೆಯ ಪಾಲನ್ನು ತಪ್ಪಿಸಲು ಅವಕಾಶವಿದ್ದ ವಿವರಣೆಯನ್ನು ತೆಗೆದುಹಾಕಲಾಯಿತು. 2010ರಲ್ಲಿ ಪಾಲಕರ ಕಾಯಿದೆಯನ್ನು ತಿದ್ದಿ ತಂದೆಯ ಹೆಸರಿನೊಂದಿಗೆ ತಾಯಿಯ ಹೆಸರನ್ನೂ ಸೇರಿಸಲಾಯಿತು. ಆದರೂ ಕೆಲಸ ಮುಗಿದಿಲ್ಲ.

ಒಂದು ಉದಾಹರಣೆ ನೋಡೋಣ. ಮದುವೆಯಾಗದ ಮಗನೊಬ್ಬ ಗಲ್ಫಿನಲ್ಲಿ ದುಡಿದು ಹಣ ಉಳಿಸಿ, ಉಯಿಲು ಬರೆಯದೆ ಅಕಾಲದಲ್ಲಿ ತೀರಿಕೊಂಡರೆ ಅವನ ಆಸ್ತಿ ಯಾರಿಗೆ? ಉತ್ತರಾಧಿಕಾರ ಕಾಯಿದೆಯ 42ನೇ ಕಲಮಿನ ಪ್ರಕಾರ ತಂದೆ ಬದುಕಿದ್ದರೆ ಎಲ್ಲವೂ ತಂದೆಗೆ. ತಾಯಿಗೆ ಏನೂ ಇಲ್ಲ. ತಂದೆ ಎಂದೋ ಮನೆ ಬಿಟ್ಟು ಹೋಗಿ, ತಾಯಿ ಬೀಡಿ ಕಟ್ಟಿ, ಕೂಲಿ ಮಾಡಿ ಆ ಮಗನನ್ನು ಓದಿಸಿದ್ದರೂ ಅಷ್ಟೇ. ತಂದೆ ಬದುಕಿಲ್ಲದಿದ್ದರೂ ಇಡೀ ಪಾಲು ತಾಯಿಗಿಲ್ಲ, ಆಕೆ ಮಗನ ಒಡಹುಟ್ಟಿದವರೊಡನೆ ಹಂಚಿಕೊಳ್ಳಬೇಕು. 2014ರಲ್ಲಿ ಕಾನೂನು ಆಯೋಗ ತನ್ನ 247ನೇ ವರದಿಯಲ್ಲಿ ಈ ಕಲಮುಗಳನ್ನು ತಿದ್ದಿ ತಾಯಿಗೂ ಸಮಾನ ಹಕ್ಕು ಕೊಡಬೇಕೆಂದು ಶಿಫಾರಸು ಮಾಡಿತು. ಆ ಶಿಫಾರಸಿನ್ನೂ ಕಾಯಿದೆಯಾಗಿಲ್ಲ. ಶಿಲುಬೆಯ ಬುಡದಲ್ಲಿ ನಿಂತ ತಾಯಿಯನ್ನು ಗೌರವಿಸುವ ನಾವು, ಮಗನನ್ನು ಕಳೆದುಕೊಂಡ ತಾಯಿಯನ್ನು ಕಾನೂನು ಬರಿಗೈಯಲ್ಲಿ ಕಳುಹಿಸುವುದನ್ನು ಕಂಡು ಸುಮ್ಮನಿರಬಹುದೇ?

ನಮ್ಮ ಮನೆಯೊಳಗಿನ ಕಾನೂನು

ಕಾನೂನು ಸಮಪಾಲು ಕೊಟ್ಟ ಕಡೆಯಲ್ಲೂ ನಾವು ಅದನ್ನು ಮುಚ್ಚುವ ದಾರಿ ಹುಡುಕುತ್ತೇವೆ. ತಂದೆಯ ವರ್ಷದ ಪೂಜೆ ಮುಗಿದ ಕೂಡಲೇ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಎಷ್ಟೋ ಮನೆಗಳಲ್ಲಿ ನಡೆದಿದೆ. ಕಾಗದದಲ್ಲಿ ಏನಿದೆ ಎಂದು ಓದಿ ಹೇಳುವವರಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಅವರು ಕೇಳುವುದಿಲ್ಲ.

ಆಕೆಗೆ ದೋತ್ ಕೊಟ್ಟಾಗಿದೆಯಲ್ಲ ಎನ್ನುತ್ತೇವೆ. ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಕೊಟ್ಟದ್ದಾದರೂ ಎಷ್ಟೋ ವೇಳೆ ಸೇರಿದ್ದು ಗಂಡನ ಮನೆಯವರ ಕೈಗೆ, ಆಕೆಯ ಹೆಸರಿಗಲ್ಲ. ಅಪರಾಧವಾದ ಒಂದು ಕೊಡುಗೆಯನ್ನು ತೋರಿಸಿ ನ್ಯಾಯವಾದ ಪಾಲನ್ನು ತಪ್ಪಿಸುವುದು ಎಂಥ ಲೆಕ್ಕ? ಇನ್ನು, ಮುದಿ ತಂದೆತಾಯಿಯನ್ನು ನೋಡಿಕೊಂಡವನು ಮಗನಲ್ಲವೇ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಹುರುಳಿದೆ. ನೋಡಿಕೊಂಡವರಿಗೆ ಹೆಚ್ಚು ಕೊಡಲು ತಂದೆತಾಯಿಗೆ ಸ್ವಾತಂತ್ರ್ಯವಿದೆ, ಉಯಿಲು ಇರುವುದು ಅದಕ್ಕೇ. ಆದರೆ ನೋಡಿಕೊಂಡವಳು ಮಗಳಾದಾಗಲೂ, ಸೊಸೆಯಾದಾಗಲೂ ಅದೇ ಅಳತೆ ಇರಲಿ. ಹೆಣ್ಣೆಂಬ ಒಂದೇ ಕಾರಣಕ್ಕೆ ಪಾಲು ಕಡಿಮೆಯಾದರೆ ಅದು ಅನ್ಯಾಯ.

ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಲಿಂಗದ ಆಧಾರದ ಮೇಲಿನ ಭೇದಭಾವ ದೇವರ ಚಿತ್ತಕ್ಕೆ ವಿರುದ್ಧ ಎಂದು ಸಾರಿತು. ಜಗದ್ಗುರು ದ್ವಿತೀಯ ಜಾನ್ ಪೌಲರು 1988ರಲ್ಲಿ ಮಹಿಳೆಯ ಘನತೆಯ ಬಗ್ಗೆ ಪ್ರೇಷಿತ ಪತ್ರ ಬರೆದರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರು 2008ರ ಜಮ್‍ಶೆಡ್‍ಪುರದ ಮಹಾಸಭೆಯಲ್ಲಿ ಮಹಿಳಾ ಸಬಲೀಕರಣವನ್ನೇ ವಿಷಯವಾಗಿಟ್ಟು ಚರ್ಚಿಸಿ, 2010ರಲ್ಲಿ ಲಿಂಗ ಸಮಾನತೆಯ ನೀತಿಯನ್ನು ಪ್ರಕಟಿಸಿದರು. ಧರ್ಮಸಭೆಯ ಮಾತು ಸ್ಪಷ್ಟವಾಗಿದೆ, ಅದು ನಮ್ಮ ಪಾಲುಪಟ್ಟಿಯವರೆಗೆ ಬರಬೇಕಾಗಿದೆ.

ಹಾಗಾದರೆ ನಾವೇನು ಮಾಡೋಣ? ತಂದೆತಾಯಂದಿರೇ, ಬದುಕಿರುವಾಗಲೇ ಮಕ್ಕಳನ್ನೆಲ್ಲ ಕೂರಿಸಿ, ಹೆಣ್ಣುಮಕ್ಕಳನ್ನೂ ಸೇರಿಸಿ, ಆಸ್ತಿಯ ವಿಷಯ ಮಾತಾಡಿ. ನ್ಯಾಯವಾದ ಉಯಿಲು ಬರೆದಿಡಿ. ಸಹೋದರರೇ, ಸಹಿ ಕೇಳುವ ಮೊದಲು ಕಾಗದವನ್ನು ಓದಿ ಹೇಳಿ, ಬೇಡ ಎನ್ನುವ ಸ್ವಾತಂತ್ರ್ಯವನ್ನು ತಂಗಿಗೆ ಕೊಡಿ. ಧರ್ಮಕೇಂದ್ರಗಳಲ್ಲಿ ನಡೆಯುವ ವಿವಾಹ ಸಿದ್ಧತಾ ಶಿಬಿರಗಳಲ್ಲಿ ಒಂದು ಗಂಟೆಯನ್ನು ಕಾನೂನಿನ ತಿಳಿವಳಿಕೆಗೆ ಮೀಸಲಿಡಬಹುದು. ಸ್ತ್ರೀ ಸಂಘಟನೆಗಳು ವಕೀಲರನ್ನು ಕರೆಸಿ ಮಾತಾಡಿಸಬಹುದು. ತಾಯಿಯ ಹಕ್ಕಿನ ತಿದ್ದುಪಡಿಗಾಗಿ ನಮ್ಮ ಸಂಸದರಿಗೆ ಪತ್ರ ಬರೆಯಬಹುದು. ಸಮುದಾಯದಲ್ಲಿ ಒಮ್ಮತವಿಲ್ಲ ಎಂದು ಹೇಳುವ ಅವಕಾಶವನ್ನು ಸರಕಾರಕ್ಕೆ ನಾವು ಇನ್ನೊಮ್ಮೆ ಕೊಡುವುದು ಬೇಡ.

ಸಂತ ಜೋವಾಕಿಂ ಮತ್ತು ಸಂತ ಅನ್ನಮ್ಮನವರ ಮನೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿದ ದಿನವನ್ನು ಇಡೀ ಧರ್ಮಸಭೆ ಹಬ್ಬವಾಗಿ ಆಚರಿಸುತ್ತದೆ. ನಮ್ಮ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವೂ ಅದೇ ದೇವರ ಕೊಡುಗೆ. ಈ ವರ್ಷ ತೆನೆಯ ಕಾಳನ್ನು ಹಂಚುವಾಗ ಅದು ಬೆಳೆದ ಗದ್ದೆಯನ್ನೂ ನೆನೆಯೋಣ. ಗುಡಾರದ ಬಾಗಿಲಲ್ಲಿ ನಿಂತ ಐವರು ಹೆಣ್ಣುಮಕ್ಕಳ ಅಹವಾಲಿಗೆ ಕಿವಿಗೊಟ್ಟ ದೇವರು ನಮಗೂ ಕೇಳುವ ಕಿವಿಯನ್ನು, ಕೊಡುವ ಮನಸ್ಸನ್ನು ದಯಪಾಲಿಸಲಿ. ಮಾತೆ ಮರಿಯಮ್ಮನವರು ನಮ್ಮ ಎಲ್ಲ ಹೆಣ್ಣುಮಕ್ಕಳಿಗಾಗಿ ಪ್ರಾರ್ಥಿಸಲಿ. ಆಮೆನ್.